ಚಳಿ ಬರುವ ಮುಂಚೆ ಗೋಡೆಯ ತೇವ ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡುವುದು

ಗೋಡೆಯಲ್ಲಿ ಒದ್ದೆ ಕಲೆ ಕಂಡ ಕೂಡಲೇ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಒಂದೇ ಕೆಲಸ. ಕೆರೆದು, ಪುಟ್ಟಿ ಮೆತ್ತಿ, ಬಣ್ಣ ಬಳಿಯುವುದು. ಕೆಲವೇ ತಿಂಗಳಲ್ಲಿ ಕಲೆ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಬಣ್ಣ ಸರಿ ಇರಲಿಲ್ಲ ಅಂತ ಬೈದುಕೊಳ್ಳುತ್ತೇವೆ. ಬಣ್ಣದ್ದೇನೂ ತಪ್ಪಿರುವುದಿಲ್ಲ. ನೀರು ಎಲ್ಲಿಂದ ಬರುತ್ತಿದೆ ಅಂತ ಯಾರೂ ಹುಡುಕಿರುವುದಿಲ್ಲ, ಅಷ್ಟೇ.

ಮನೆಯ ಗೋಡೆಗೆ ನೀರು ಬರಲು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಹೊರಗಿನ ಮಳೆ, ಒಳಗಿನ ಪೈಪು, ನೆಲದಿಂದ ಮೇಲೇರುವ ತೇವ, ಮತ್ತೆ ಕೋಣೆಯ ಗಾಳಿಯಲ್ಲೇ ಇರುವ ಆವಿ. ನಾಲ್ಕಕ್ಕೂ ರಿಪೇರಿ ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ದುಡ್ಡೂ ಹೋಗುತ್ತದೆ, ತೇವವೂ ಉಳಿಯುತ್ತದೆ.

ಇದನ್ನು ಪತ್ತೆ ಮಾಡಲು ವರ್ಷದಲ್ಲಿ ಅತಿ ಒಳ್ಳೆಯ ಸಮಯ ಶರತ್ಕಾಲ. ಕಾರಣ ಇದೆ. ಈಗ ಕಿಟಕಿಗಳು ಇನ್ನೂ ತೆರೆದಿರುತ್ತವೆ, ಗೋಡೆಗಳು ಪೂರ್ತಿ ತಣ್ಣಗಾಗಿರುವುದಿಲ್ಲ. ಹಾಗಾಗಿ ಆವಿ ಗೋಡೆಗೆ ಬಡಿದು ನೀರಾಗುವುದು ಕಡಿಮೆ. ಈಗ ಒದ್ದೆ ಇರುವ ಜಾಗ ಬಹುಪಾಲು ಮಳೆಯದ್ದು, ಪೈಪಿನದ್ದು, ಇಲ್ಲ ನೆಲದ್ದು. ಚಳಿ ಹಿಡಿದು ಬಾಗಿಲು ಕಿಟಕಿ ಮುಚ್ಚಿದ ಮೇಲೆ ಆವಿಯೂ ಸೇರಿಕೊಳ್ಳುತ್ತದೆ. ಆಗ ಎರಡು ನೀರು ಒಂದೇ ಕಲೆಯಲ್ಲಿ ಬೆರೆತು, ಯಾವುದು ಯಾವುದು ಅಂತ ಬಿಡಿಸುವುದು ತುಂಬಾ ಕಷ್ಟ. ಆದ್ದರಿಂದ ಈ ಕೆಲವು ವಾರಗಳನ್ನು ಕೈಬಿಡಬೇಡಿ.

ಮೊದಲು ಅಪಾಯ ಇದೆಯಾ ನೋಡಿ

ಒದ್ದೆ ಜಾಗ ಸ್ವಿಚ್ ಬೋರ್ಡ್, ಪ್ಲಗ್ ಅಥವಾ ಸೀಲಿಂಗ್ ಲೈಟಿನ ಹತ್ತಿರ ಇದ್ದರೆ ಆ ಭಾಗದ ವಿದ್ಯುತ್ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ನ ಕರೆಸಿ. ಒದ್ದೆ ಕೈಯಲ್ಲಿ ಮುಟ್ಟಿ ನೋಡುವುದು ಬೇಡವೇ ಬೇಡ. ಸೀಲಿಂಗ್ ಉಬ್ಬಿ ಜೋತು ಬಿದ್ದಿದ್ದರೆ ಅದರ ಕೆಳಗೆ ಯಾರನ್ನೂ ಮಲಗಿಸಬೇಡಿ, ಮಂಚ ತೊಟ್ಟಿಲು ಸರಿಸಿ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಗಾರೆಯ ಹಿಂದೆ ನಿಂತ ನೀರು ಯಾವಾಗ ಕಳಚಿ ಬೀಳುತ್ತದೆ ಅಂತ ಹೇಳಲು ಆಗದು.

ಕಲೆ ಯಾವಾಗ ಬೆಳೆಯುತ್ತದೆ?

ಕಲೆಯ ಬಣ್ಣ, ಆಕಾರಕ್ಕಿಂತ ಅದು ಬೆಳೆಯುವ ಹೊತ್ತು ಹೆಚ್ಚು ಹೇಳುತ್ತದೆ. ಪೆನ್ಸಿಲ್ ತೆಗೆದುಕೊಂಡು ಕಲೆಯ ಅಂಚಿನ ಸುತ್ತ ತೆಳುವಾಗಿ ಗೆರೆ ಎಳೆಯಿರಿ. ಪಕ್ಕದಲ್ಲೇ ತಾರೀಕು ಬರೆಯಿರಿ. ಪೆನ್ ಬೇಡ, ಅದರ ಶಾಯಿ ಒದ್ದೆಯಲ್ಲಿ ಹರಡುತ್ತದೆ, ಮುಂದೆ ಬಣ್ಣದ ಮೇಲೂ ಮೂಡಬಹುದು. ಎರಡು ಮೂರು ದಿನಕ್ಕೊಮ್ಮೆ ನೋಡಿ. ಕಲೆ ಗೆರೆ ದಾಟಿದ್ದರೆ ಹೊಸ ಗೆರೆ, ಹೊಸ ತಾರೀಕು. ಹಿಂದೆ ಸರಿದಿದ್ದರೆ ಅದನ್ನೂ ಗುರುತು ಮಾಡಿ. ಜೊತೆಗೆ ಒಂದು ಹಾಳೆಯಲ್ಲಿ ಮಳೆ ಬಂದ ದಿನ, ಬಟ್ಟೆ ಒಗೆದ ದಿನ, ಮನೆಯಲ್ಲಿ ಯಾರೂ ಇಲ್ಲದ ದಿನ ಬರೆದಿಡಿ.

ಎರಡು ಮೂರು ವಾರದಲ್ಲಿ ಒಂದು ಲಯ ಕಾಣುತ್ತದೆ. ಮಳೆ ಬಂದ ಕೆಲವು ಗಂಟೆಯಲ್ಲಿ ಅಥವಾ ಮರುದಿನ ಕಲೆ ದೊಡ್ಡದಾಗಿ, ಬಿಸಿಲಲ್ಲಿ ಚಿಕ್ಕದಾದರೆ ಹೊರಗಿನ ನೀರು. ಮಳೆ ಇರಲಿ ಬಿಡಲಿ, ಒಂದೇ ಸಮ ಒದ್ದೆ ಇದ್ದರೆ ನೀರಿನ ಪೈಪು ಅಥವಾ ನೆಲದ ತೇವ. ಎಲ್ಲರೂ ಊರಿಗೆ ಹೋದಾಗ ಒಣಗಿ, ಬಂದ ಮೇಲೆ ಮತ್ತೆ ಒದ್ದೆಯಾದರೆ ಬಚ್ಚಲಿನ ಬಳಕೆ ನೀರು ಅಥವಾ ಆವಿ. ಬೆಳಗಿನ ಹೊತ್ತು ಮಾತ್ರ ಒದ್ದೆ ಇದ್ದು ಮಧ್ಯಾಹ್ನ ಒಣಗಿದರೆ ಆವಿಯ ಮೇಲೆ ಅನುಮಾನ ಪಡಬಹುದು.

ಜಾಗವೂ ಮಾತಾಡುತ್ತದೆ. ಸೀಲಿಂಗಿನಲ್ಲಿ ಕಂದು ಅಂಚಿನ ಉಂಗುರ ಇದ್ದರೆ ಮೇಲಿನಿಂದ ಸೋರುತ್ತಿದೆ. ನೆಲದಿಂದ ಮೊಣಕಾಲು, ಸೊಂಟದ ಎತ್ತರಕ್ಕೆ ಪಟ್ಟಿಯಂತೆ ಹಬ್ಬಿದ್ದರೆ ನೆಲದ ತೇವ ಇರಬಹುದು. ಕೋಣೆಯ ಮೇಲಿನ ಮೂಲೆ, ಬೀರುವಿನ ಹಿಂಭಾಗ, ಮಂಚ ತಾಗಿಸಿದ ಗೋಡೆ, ಇಲ್ಲೆಲ್ಲ ಕಪ್ಪು ಚುಕ್ಕಿಗಳು ಗುಂಪಾಗಿ ಬಂದರೆ ಅದು ಬೂಷ್ಟು, ಕಾರಣ ಆವಿ. ಆದರೆ ಜಾಗವನ್ನು ಮಾತ್ರ ನಂಬಬೇಡಿ. ನೀರು ತಾರಸಿಯ ಒಂದು ಬಿರುಕಿನಲ್ಲಿ ಇಳಿದು, ತೊಲೆಯ ಉದ್ದಕ್ಕೋ ವೈರ್ ಹಾಕಿದ ಪೈಪಿನ ಒಳಗೋ ಹರಿದು, ಎಷ್ಟೋ ಅಡಿ ದೂರದಲ್ಲಿ ಹೊರಬರುತ್ತದೆ.

ಫಾಯಿಲ್ ಪರೀಕ್ಷೆ

ಖರ್ಚಿಲ್ಲದ, ತುಂಬಾ ಉಪಯೋಗದ ಪರೀಕ್ಷೆ ಇದು. ಗೋಡೆಯ ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ, ಹೇರ್ ಡ್ರೈಯರ್ ಇದ್ದರೆ ಬಿಸಿ ಗಾಳಿ ಬಿಟ್ಟು ಒಣಗಿಸಿ. ಸುಮಾರು 30 ಸೆಂ.ಮೀ. ಉದ್ದ, ಅಷ್ಟೇ ಅಗಲದ ಅಲ್ಯೂಮಿನಿಯಂ ಫಾಯಿಲ್ ಕತ್ತರಿಸಿ ಕಲೆಯ ಮೇಲೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಹಾಕಿ. ಎರಡು ದಿನ ಬಿಡಿ.

ಫಾಯಿಲ್‌ನ ಹೊರಮೈ ಮೇಲೆ, ಅಂದರೆ ಕೋಣೆಯ ಕಡೆ, ಹನಿ ಕೂತಿದ್ದರೆ ಕೋಣೆಯ ಗಾಳಿಯಲ್ಲಿ ಆವಿ ಜಾಸ್ತಿ. ಫಾಯಿಲ್ ಬಿಚ್ಚಿದಾಗ ಗೋಡೆ ಕಡೆಯ ಮೈ ಒದ್ದೆ ಇದ್ದರೆ ನೀರು ಗೋಡೆಯ ಒಳಗಿನಿಂದ ಬರುತ್ತಿದೆ. ಎರಡೂ ಕಡೆ ಒದ್ದೆ ಇದ್ದರೆ ಎರಡು ತೊಂದರೆ ಇವೆ, ಮೊದಲು ಒಳಗಿನದ್ದನ್ನು ಸರಿಮಾಡಿ.

ಇದನ್ನು ಎರಡು ಸಲ ಮಾಡಿ. ಈಗ ಒಮ್ಮೆ, ಚಳಿ ಶುರುವಾದ ಮೇಲೆ ಅದೇ ಜಾಗದಲ್ಲಿ ಇನ್ನೊಮ್ಮೆ. ಈಗ ಎರಡೂ ಕಡೆ ಒಣಗಿದ್ದು, ಆಮೇಲೆ ಹೊರಮೈ ಮಾತ್ರ ಒದ್ದೆಯಾದರೆ ಗೋಡೆ ಒಡೆಸುವ ಯೋಚನೆಯನ್ನೇ ಬಿಡಬಹುದು.

ತೇವ ಅಳೆಯುವ ಎರಡು ಮುಳ್ಳಿನ ಮೀಟರ್ ಬಗ್ಗೆ ಒಂದು ಮಾತು. ಅದು ಸಾಮಾನ್ಯವಾಗಿ ಮರಕ್ಕಾಗಿ ಲೆಕ್ಕ ಹಾಕಿದ ಸಾಧನ. ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನುವುದನ್ನು ಅಳೆಯುತ್ತದೆ. ಗೋಡೆಯಲ್ಲಿ ಉಪ್ಪಿದ್ದರೂ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಮೀಟರ್ ಸುಮ್ಮನೆ ದೊಡ್ಡ ಅಂಕಿ ತೋರಿಸುತ್ತದೆ. ಗಾರೆಯ ಮೇಲೆ ಅದು ತೋರಿಸುವ ಶೇಕಡಾವನ್ನು ನಂಬಬೇಡಿ. ಒಂದು ಜಾಗ ಇನ್ನೊಂದಕ್ಕಿಂತ ಜಾಸ್ತಿ ಒದ್ದೆಯಾ ಅಂತ ಹೋಲಿಸಲು ಮಾತ್ರ ಬಳಸಿ. ಆ ಅಂಕಿ ತೋರಿಸಿ ಯಾರಾದರೂ ದೊಡ್ಡ ಕೆಲಸ ಹೇಳಿದರೆ ಒಪ್ಪುವ ಮುಂಚೆ ಫಾಯಿಲ್ ಹಚ್ಚಿ ನೋಡಿ.

ಪೈಪು ಸೋರುತ್ತಿದೆಯಾ?

ರಾತ್ರಿ ಎಲ್ಲರೂ ಮಲಗುವ ಮುಂಚೆ ಎಲ್ಲ ನಲ್ಲಿ ಬಂದ್ ಮಾಡಿ, ವಾಟರ್ ಮೀಟರಿನ ಅಂಕಿ ಬರೆದುಕೊಳ್ಳಿ. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮುಂಚೆ ಮತ್ತೆ ನೋಡಿ. ಅಂಕಿ ಬದಲಾಗಿದ್ದರೆ ಎಲ್ಲೋ ಸೋರುತ್ತಿದೆ. ಈಗ ಮನೆಯ ಮೇನ್ ವಾಲ್ವ್ ಬಂದ್ ಮಾಡಿ ಇನ್ನೊಮ್ಮೆ ನೋಡಿ. ಮೀಟರ್ ನಿಂತರೆ ಸೋರಿಕೆ ಮನೆಯ ಒಳಗಿದೆ. ನಿಲ್ಲದಿದ್ದರೆ ಮೀಟರಿಗೂ ವಾಲ್ವಿಗೂ ನಡುವಿನ ಪೈಪಿನಲ್ಲಿದೆ. ಮೇಲೆ ಟ್ಯಾಂಕ್ ಇರುವ ಮನೆಯಲ್ಲಿ ಟ್ಯಾಂಕಿಗೆ ಬರುವ ನೀರನ್ನು ನಿಲ್ಲಿಸಿ, ನೀರಿನ ಮಟ್ಟಕ್ಕೆ ಒಳಗಡೆ ಗುರುತು ಹಾಕಿ, ಬೆಳಿಗ್ಗೆ ನೋಡಿದರೆ ಅದೇ ಕೆಲಸ ಆಗುತ್ತದೆ.

ಗೋಡೆ ಅಗೆಸುವ ಮುಂಚೆ ಫ್ಲಶ್ ಟ್ಯಾಂಕ್ ನೋಡಿ. ಮೀಟರ್ ಓಡಲು ಎಷ್ಟೋ ಸಲ ಅದೇ ಕಾರಣ. ಟ್ಯಾಂಕಿಗೆ ಒಂದಿಷ್ಟು ಬಣ್ಣದ ನೀರು ಹಾಕಿ, 20 ನಿಮಿಷ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ವಾಷರ್ ಹೋಗಿದೆ. ಗೋಡೆಯ ಕಲೆಗೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ, ಆದರೆ ಮೀಟರ್ ಯಾಕೆ ಓಡಿತು ಅನ್ನುವುದಕ್ಕೆ ಉತ್ತರ ಸಿಗುತ್ತದೆ.

ಮೀಟರ್ ಕದಲಲಿಲ್ಲ ಅಂತ ಪೈಪುಗಳೆಲ್ಲ ಸರಿ ಇವೆ ಅಂದುಕೊಳ್ಳಬೇಡಿ. ಬಚ್ಚಲಿನಿಂದ ಹೊರಗೆ ಹೋಗುವ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಬಳಸಿದಾಗ ಮಾತ್ರ ಸೋರುತ್ತದೆ, ಮೀಟರಿಗೆ ಗೊತ್ತೇ ಆಗುವುದಿಲ್ಲ. ಅದನ್ನು ಒಂದೊಂದಾಗಿ ಬಿಡಿಸಬೇಕು. ಮನೆಯಲ್ಲಿ ಇನ್ನೊಂದು ಬಚ್ಚಲಿದ್ದರೆ ಕಲೆಯ ಮೇಲಿನ ಅಥವಾ ಪಕ್ಕದ ಬಚ್ಚಲನ್ನು ಎರಡು ಮೂರು ದಿನ ಬಳಸದೆ ಬಿಡಿ. ಆಮೇಲೆ ಬಕೆಟಿನಲ್ಲಿ ನೀರು ತಂದು, ನೆಲಕ್ಕೆ ಚೆಲ್ಲದ ಹಾಗೆ, ನೇರ ಜಾಲರಿಯ ತೂತಿಗೇ ಸುರಿಯಿರಿ. ಒಂದು ದಿನ ಕಾಯಿರಿ. ಕಲೆ ಬೆಳೆದರೆ ಹೊರಹೋಗುವ ಪೈಪು. ಬೆಳೆಯದಿದ್ದರೆ ಜಾಲರಿಗೆ ಬಟ್ಟೆ ಬಿಗಿದು, ನೆಲದ ಮೇಲೆ 2 ಸೆಂ.ಮೀ. ನೀರು ನಿಲ್ಲಿಸಿ ಒಂದು ದಿನ ಬಿಡಿ. ಹೊಸ್ತಿಲು ಅದಕ್ಕಿಂತ ಎತ್ತರ ಇದೆಯಾ ಮೊದಲೇ ನೋಡಿಕೊಳ್ಳಿ. ಮರದ ನೆಲದ ಮನೆಯಲ್ಲಿ ಈ ಹೆಜ್ಜೆ ಬೇಡ. ಈಗ ಕಲೆ ಬೆಳೆದರೆ ನೆಲದ ಟೈಲ್ಸ್ ಸಂದು ಅಥವಾ ಅದರ ಕೆಳಗಿನ ವಾಟರ್‌ಪ್ರೂಫಿಂಗ್ ಹೋಗಿದೆ. ಕೊನೆಗೆ ಶವರ್ ನೀರನ್ನು ಗೋಡೆಗೆ ಮಾತ್ರ ಬಿಟ್ಟು ನೋಡಿ.

ಈ ಕ್ರಮ ಮುಖ್ಯ. ಎಲ್ಲ ಒಟ್ಟಿಗೆ ಮಾಡಿದರೆ ಕಲೆ ಬೆಳೆಯುವುದು ಕಾಣುತ್ತದೆ, ಕಾರಣ ಕಾಣುವುದಿಲ್ಲ. ಇಡೀ ಬಚ್ಚಲಿನ ಟೈಲ್ಸ್ ಕೀಳಿಸಿದ ಮೇಲೆ ತಪ್ಪು ಜಾಲರಿಯ ಸಂದಿನದ್ದು ಅಂತ ಗೊತ್ತಾಗುವುದು ಇದೇ ಕಾರಣಕ್ಕೆ.

ಮಳೆ ನೀರಿನ ದಾರಿ

ಶರತ್ಕಾಲದಲ್ಲಿ ಎಲೆ ಉದುರುತ್ತದೆ, ಉದುರಿದ ಎಲೆ ಸೂರಿನ ದೋಣಿಯಲ್ಲಿ, ತಾರಸಿಯ ನೀರು ಹೋಗುವ ಬಾಯಲ್ಲಿ ಕೂರುತ್ತದೆ. ಕಟ್ಟಿಕೊಂಡ ದೋಣಿಯಿಂದ ನೀರು ಉಕ್ಕಿ ಗೋಡೆಗೆ ಇಳಿಯುತ್ತದೆ. ಹೊರಗೋಡೆಯಲ್ಲಿ ಒಂದೇ ಜಾಗದಲ್ಲಿ ಹಸಿರು ಪಾಚಿಯ ಗೆರೆ ಇದ್ದರೆ ಅದರ ನೇರ ಮೇಲೆ ಏನಿದೆ ನೋಡಿ. ಮಳೆ ಬರುವಾಗ ಕೊಡೆ ಹಿಡಿದು ಹೊರಗೆ ನಿಂತು ಐದು ನಿಮಿಷ ನೋಡಿದರೆ ಎಷ್ಟೋ ವಿಷಯ ಗೊತ್ತಾಗುತ್ತದೆ. ಒಣ ದಿನ ನೋಡಿದವರಿಗೆ ಅದು ಕಾಣುವುದಿಲ್ಲ. ದೋಣಿ ಶುಚಿ ಮಾಡಲು ಏಣಿ ಹಾಕುವಾಗ 4 ಅಡಿ ಎತ್ತರಕ್ಕೆ 1 ಅಡಿಯಂತೆ ಬುಡ ಗೋಡೆಯಿಂದ ದೂರ ಇರಲಿ, ಕೆಳಗೆ ಒಬ್ಬರು ಹಿಡಿದುಕೊಂಡಿರಲಿ.

ಕಿಟಕಿಯ ಸುತ್ತ ತೇವ ಇದ್ದರೆ ಸಜ್ಜದ ಕೆಳಮೈಗೆ ಟಾರ್ಚ್ ಬಿಡಿ. ಒಳ್ಳೆಯ ಮೇಸ್ತ್ರಿ ಕಟ್ಟಿದ ಸಜ್ಜದ ತುದಿಯಲ್ಲಿ, ಕೆಳಗಡೆ, ಬೆರಳಗಲದ ಒಂದು ಸಣ್ಣ ತೋಡು ಇರುತ್ತದೆ. ತುದಿಯಿಂದ ಒಳಕ್ಕೆ ಹರಿದು ಬರುವ ನೀರು ಆ ತೋಡಿನಲ್ಲಿ ತಡೆದು ಕೆಳಗೆ ತೊಟ್ಟಿಕ್ಕುತ್ತದೆ. ವರ್ಷ ವರ್ಷ ಸಿಮೆಂಟು, ಬಣ್ಣ ಬಳಿದು ಅದು ಮುಚ್ಚಿಹೋದರೆ ನೀರು ಸಜ್ಜದ ಹೊಟ್ಟೆಗೆ ಅಂಟಿಕೊಂಡು ಸೀದಾ ಗೋಡೆಗೆ ಹೋಗುತ್ತದೆ, ಅಲ್ಲಿಂದ ಕಿಟಕಿಯ ಮೇಲಂಚಿನಲ್ಲಿ ಒಳಗೆ ಬರುತ್ತದೆ. ಮೊಳೆ ಹಿಡಿದು ಆ ತೋಡನ್ನು ಕೆರೆದು ಬಿಡಿಸಿದರೆ ಎಷ್ಟೋ ಕಡೆ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಕಿಟಕಿಯ ಹೊರಗಿನ ಹಲಗೆ ಕಲ್ಲಿಗೂ ಇದೇ ತೋಡು ಇರಬೇಕು, ಅದು ಹೊರಗೆ ಇಳಿಜಾರಾಗಿಯೂ ಇರಬೇಕು.

ಮಳೆ ಕಾಯಲು ಆಗದಿದ್ದರೆ ತೋಟದ ಪೈಪ್ ಸಾಕು. ಇಬ್ಬರು ಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ನೋಡುತ್ತಿರಲಿ. ಹೊರಗಿನವರು ಗೋಡೆಯ ಕೆಳಗಿನಿಂದ ಶುರು ಮಾಡಲಿ. ಒಂದು ಜಾಗಕ್ಕೆ ಕಾಲು ಗಂಟೆ ಮೆಲ್ಲಗೆ ನೀರು ಬಿಡಿ. ಒಳಗೆ ಏನೂ ಕಾಣದಿದ್ದರೆ ಮೂರಡಿ ಮೇಲೆ ಹೋಗಿ. ಮೇಲಿನಿಂದ ಶುರು ಮಾಡಿದರೆ ನೀರು ಹರಿದು ಎಲ್ಲ ಬಿರುಕುಗಳನ್ನೂ ದಾಟುತ್ತದೆ, ಯಾವುದರಲ್ಲಿ ನುಗ್ಗಿತು ಅಂತ ತಿಳಿಯುವುದಿಲ್ಲ. ಒತ್ತಡದ ಜೆಟ್ ಬೇಡ. ಮಳೆ ಎಂದೂ ನುಗ್ಗದ ಸಂದಿಗೂ ಅದು ನೀರು ನುಗ್ಗಿಸುತ್ತದೆ. ದಪ್ಪ ಗೋಡೆಯಲ್ಲಿ ನೀರು ಒಳಗೆ ಕಾಣಲು ಗಂಟೆಗಳೇ ಹಿಡಿಯಬಹುದು, ಆಗ ದಿನಕ್ಕೆ ಒಂದೇ ಜಾಗ ಮಾಡಿ.

ತಾರಸಿಯಲ್ಲಿ ನೀರು ಕಟ್ಟಿ ನೋಡುವುದು ರೂಢಿಯಲ್ಲಿದೆ. ಆದರೆ 5 ಸೆಂ.ಮೀ. ನೀರು ಅಂದರೆ ಪ್ರತಿ ಚದರ ಮೀಟರಿಗೆ 50 ಕಿಲೋ ಭಾರ. ಹಳೆಯ ಅಥವಾ ಬಿರುಕು ಬಿಟ್ಟ ತಾರಸಿಗೆ ಇದನ್ನು ಇಂಜಿನಿಯರ್ ಕೇಳದೆ ಮಾಡಬೇಡಿ.

ನೆಲದಿಂದ ಏರುವ ತೇವ

ಇಟ್ಟಿಗೆ, ಗಾರೆಯ ಸಣ್ಣ ರಂಧ್ರಗಳಲ್ಲಿ ನೀರು ತಾನಾಗಿ ಮೇಲೇರುತ್ತದೆ. ಸಾಮಾನ್ಯವಾಗಿ ಒಂದು ಮೀಟರ್ ಆಸುಪಾಸಿನವರೆಗೆ. ಏರಿದ ಕಡೆ ನೀರು ಆರಿ, ಉಪ್ಪು ಉಳಿದು, ಮೇಲಂಚಿನಲ್ಲಿ ಬಿಳಿ ಪುಡಿಯ ಪಟ್ಟಿ ಕಾಣುತ್ತದೆ. ಗಾರೆ ಉಗುರಿಗೆ ಉದುರುತ್ತದೆ.

ಇದನ್ನು ಕಂಡ ಕೂಡಲೇ ಗೋಡೆಗೆ ರಾಸಾಯನಿಕ ಚುಚ್ಚಿಸುವ ಮುಂಚೆ ಹೊರಗೆ ಹೋಗಿ ಅದೇ ಗೋಡೆಯ ಬುಡ ನೋಡಿ. ಅಡಿಪಾಯದ ಮೇಲೆ ತೇವ ತಡೆಯುವ ಪದರ ಇರುವ ಮನೆಯಲ್ಲಿ ಹೊರಗಿನ ಮಣ್ಣು ಆ ಪದರಕ್ಕಿಂತ ಕನಿಷ್ಠ 150 ಮಿ.ಮೀ. ಕೆಳಗಿರಬೇಕು. ಹೂವಿನ ಪಾತಿ, ಹೊಸದಾಗಿ ಎತ್ತರಿಸಿದ ಅಂಗಳ, ಗೋಡೆಗೆ ಒರಗಿಸಿದ ಮರಳು ರಾಶಿ, ಇವು ಪದರವನ್ನು ದಾಟಿ ನೀರು ಸಾಗಿಸುತ್ತವೆ. ಮಣ್ಣು ತೆಗೆದರೆ ಸಾಕಾಗುವ ಕಡೆ ದೊಡ್ಡ ಖರ್ಚು ಬೇಡ. ಒಂದೇ ಗೋಡೆಯಲ್ಲಿ, ಒಂದೇ ಜಾಗದಲ್ಲಿ ಮಾತ್ರ ಇದ್ದರೆ ನೆಲದ ತೇವಕ್ಕಿಂತ ನೆಲದಡಿಯ ಪೈಪಿನ ಮೇಲೆ ನನಗೆ ಹೆಚ್ಚು ಅನುಮಾನ.

ಇನ್ನೊಂದು ಗೊಂದಲ ಇದೆ. ನೀರಿನ ಮೂಲ ನಿಂತ ಮೇಲೂ ಉಪ್ಪು ಗೋಡೆಯಲ್ಲೇ ಇರುತ್ತದೆ. ಮೋಡ ಕವಿದ ದಿನ ಅದು ಗಾಳಿಯ ತೇವ ಹೀರಿ ಒದ್ದೆಯಾಗುತ್ತದೆ, ಬಿಸಿಲಿಗೆ ಒಣಗುತ್ತದೆ. ಸೋರಿಕೆ ವಾಪಸ್ ಬಂತು ಅಂತ ಗಾಬರಿಯಾಗುತ್ತದೆ. ಆ ಪುಡಿಯನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಜಾಸ್ತಿ ಹಿಡಿದಿದ್ದರೆ ಆ ಭಾಗದ ಗಾರೆ ತೆಗೆದು ಹೊಸದು ಮಾಡಿಸಲೇಬೇಕು.

ಗಾಳಿಯ ಆವಿ

ಫ್ರಿಜ್‌ನಿಂದ ತೆಗೆದ ನೀರಿನ ಲೋಟ ಹೊರಗಡೆ ಬೆವರುತ್ತದಲ್ವಾ? ಚಳಿಯಲ್ಲಿ ಹೊರಗೋಡೆಯೂ ಹಾಗೇ. 20 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ಆವಿ ಹಿಡಿದುಕೊಳ್ಳಬಲ್ಲದು. 10 ಡಿಗ್ರಿಗೆ ಇಳಿದರೆ 9 ಗ್ರಾಂ ಚಿಲ್ಲರೆ ಮಾತ್ರ. ಉಳಿದದ್ದು ನೀರಾಗಿ ತಣ್ಣನೆಯ ಜಾಗದಲ್ಲಿ ಕೂರಬೇಕು.

ಕೋಣೆ 20 ಡಿಗ್ರಿ, ತೇವಾಂಶ ಶೇ. 60 ಇದ್ದರೆ, ಗೋಡೆ 12 ಡಿಗ್ರಿಗೆ ಇಳಿದಾಗ ಹನಿ ಕಾಣುತ್ತದೆ. ಆದರೆ ಬೂಷ್ಟಿಗೆ ಹನಿಯೇ ಬೇಕಿಲ್ಲ. ಗೋಡೆಯ ಮೈಗೆ ತಾಗಿದ ಗಾಳಿಯಲ್ಲಿ ತೇವಾಂಶ ಶೇ. 80 ದಾಟಿ ಕೆಲವು ದಿನ ಹಾಗೇ ಇದ್ದರೆ ಅದು ಬೆಳೆಯುತ್ತದೆ. ಅದೇ ಕೋಣೆಯಲ್ಲಿ ಗೋಡೆ 15 ಡಿಗ್ರಿ ಆಸುಪಾಸಿಗೆ ಬಂದರೆ ಇಷ್ಟಾಗುತ್ತದೆ. ಅದಕ್ಕೇ ಮುಟ್ಟಿದರೆ ಒಣಗಿದೆ ಅನ್ನಿಸುವ ಮೂಲೆಯಲ್ಲೂ ಕಪ್ಪು ಚುಕ್ಕಿ ಬರುವುದು. ತೇವಾಂಶ ತೋರಿಸುವ ಚಿಕ್ಕ ಮೀಟರ್ ತಂದು ಮಲಗುವ ಕೋಣೆಯಲ್ಲಿ ಇಡಿ. ಬೆಳಿಗ್ಗೆ ಎದ್ದ ಕೂಡಲೇ ನೋಡಿ. ದಿನವೂ ಶೇ. 60ರ ಮೇಲಿದ್ದರೆ ಚಳಿ ಬಲಿಯುವ ಮುಂಚೆಯೇ ಏನಾದರೂ ಮಾಡಬೇಕು.

ಇಷ್ಟು ಆವಿ ಎಲ್ಲಿಂದ? ನಮ್ಮಿಂದಲೇ. ಒಳಗೆ ಒಣಹಾಕುವ ಬಟ್ಟೆಯನ್ನು ಹಸಿಯಾಗಿದ್ದಾಗ ಒಮ್ಮೆ, ಒಣಗಿದ ಮೇಲೆ ಒಮ್ಮೆ ತೂಗಿ. ಎರಡರ ವ್ಯತ್ಯಾಸ ಅಷ್ಟೂ ಕೋಣೆಯ ಗಾಳಿಗೆ ಹೋಗಿದೆ. ಒಂದು ಕಿಲೋ ಅಡುಗೆ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಹೊಗೆ ಕೊಳವೆ ಇಲ್ಲದ ಗ್ಯಾಸ್ ಹೀಟರ್ ಕೂಡ ಹಾಗೇ. ಅಡುಗೆಗೂ ಸ್ನಾನಕ್ಕೂ ಎಕ್ಸಾಸ್ಟ್ ಫ್ಯಾನ್ ಹಾಕಿ, ಕೆಲಸ ಮುಗಿದ ಮೇಲೂ ಕಾಲು ಗಂಟೆ ಓಡಲಿ. ಫ್ಯಾನಿನ ಜಾಲರಿಗೆ ಒಂದು ತೆಳು ಕಾಗದ ಹಿಡಿಯಿರಿ. ಅಂಟಿಕೊಳ್ಳದಿದ್ದರೆ ಫ್ಯಾನ್ ಸದ್ದು ಮಾಡುತ್ತಿದೆ, ಗಾಳಿ ಎಳೆಯುತ್ತಿಲ್ಲ. ಬೀರುವನ್ನು ಹೊರಗೋಡೆಯಿಂದ 5ರಿಂದ 10 ಸೆಂ.ಮೀ. ಮುಂದೆ ತನ್ನಿ.

ಚಳಿ ಅಂತ ಗಾಳಿ ಕಿಂಡಿಗಳನ್ನು ಬಟ್ಟೆ ತುರುಕಿ ಮುಚ್ಚಬೇಡಿ, ದಯವಿಟ್ಟು. ಉರಿಯುವ ಒಲೆ, ಹೀಟರ್ ಇರುವ ಕೋಣೆಯಲ್ಲಂತೂ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳದೇ ಇರಬಹುದು.

ಬೂಷ್ಟು ಒಂದು ಚದರ ಮೀಟರಿಗಿಂತ ಕಡಿಮೆ ಇದ್ದರೆ ಮಾಸ್ಕ್, ಕೈಗವಸು ಹಾಕಿ, ಸೋಪು ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಬ್ಲೀಚನ್ನು ಅಮೋನಿಯಾ ಅಥವಾ ಆಸಿಡ್ ಇರುವ ಕ್ಲೀನರ್ ಜೊತೆ ಎಂದೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಉಬ್ಬಸ ಇರುವ ಮಕ್ಕಳನ್ನು, ಹಿರಿಯರನ್ನು ಆ ಹೊತ್ತು ಬೇರೆ ಕೋಣೆಯಲ್ಲಿ ಇರಿಸಿ.

ಮೂಲ ಸಿಕ್ಕಿತು, ಗೋಡೆ ಇನ್ನೂ ಒದ್ದೆ

ಇಲ್ಲಿ ತಾಳ್ಮೆ ಬೇಕು. ಗೋಡೆ ಒಣಗಲು 25 ಮಿ.ಮೀ. ದಪ್ಪಕ್ಕೆ ಒಂದು ತಿಂಗಳು ಅನ್ನುವುದು ಕಟ್ಟಡ ಕೆಲಸದವರ ಅಂದಾಜು ಲೆಕ್ಕ. ದಪ್ಪ ಗೋಡೆಗೆ ಇಡೀ ಚಳಿಗಾಲವೇ ಹಿಡಿಯಬಹುದು. ಪೆನ್ಸಿಲ್ ಗೆರೆಗಳು ಒಳಕ್ಕೆ ಸರಿಯುತ್ತಾ ಬಂದರೆ ರಿಪೇರಿ ಸರಿಯಾಗಿದೆ, ಕಾಯಿರಿ. ಗೆರೆ ನಿಂತಲ್ಲೇ ನಿಂತರೆ ಇನ್ನೊಂದು ಮೂಲ ಇದೆ, ಮತ್ತೆ ಹುಡುಕಿ. ಒದ್ದೆ ಗೋಡೆಯ ಒಳಮೈಗೆ ವಾಟರ್‌ಪ್ರೂಫ್ ಬಣ್ಣ ಬಳಿದರೆ ನೀರು ಹೊರಬರುವ ದಾರಿಯೇ ಮುಚ್ಚಿ, ಮೇಲಕ್ಕೋ ಪಕ್ಕಕ್ಕೋ ಹಬ್ಬುತ್ತದೆ.

ಕಾಂಕ್ರೀಟ್ ಸೀಲಿಂಗಿನಲ್ಲಿ ತುಕ್ಕಿನ ಬಣ್ಣದ ಗೆರೆ, ಚಕ್ಕೆ ಏಳುವುದು, ಕಬ್ಬಿಣ ಕಾಣುವುದು, ಇವುಗಳಲ್ಲಿ ಒಂದು ಇದ್ದರೂ ಮನೆಯಲ್ಲಿ ಪರೀಕ್ಷೆ ಮಾಡುತ್ತಾ ಕೂರಬೇಡಿ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಸ್ಟ್ರಕ್ಚರಲ್ ಇಂಜಿನಿಯರ್‌ನ ಕರೆಸಿ. ಗೋಡೆಯೊಳಗಿನ ಪೈಪಿನ ಅನುಮಾನ ಇದ್ದರೆ ಪ್ಲಂಬರ್‌ಗೆ ಹೇಳಿ ಪ್ರೆಶರ್ ಟೆಸ್ಟ್ ಮಾಡಿಸಿ. ಯಾರೇ ಬರಲಿ, ತಾರೀಕು ಬರೆದ ಹಾಳೆ, ಗೆರೆಗಳ ಫೋಟೋ, ಮೀಟರ್ ಅಂಕಿ, ಫಾಯಿಲ್‌ನಲ್ಲಿ ಕಂಡದ್ದು, ಎಲ್ಲವನ್ನೂ ಮೊದಲೇ ಅವರ ಮುಂದಿಡಿ. ಅದನ್ನು ನೋಡದೆ ಸುತ್ತಿಗೆ ಎತ್ತುವವರಿಗೆ ಕೆಲಸ ಕೊಡಬೇಡಿ.